‘ಬಿಚ್ಚದ ಎಂಜಿನ್’ ಎಂಬ ಬುರುಡೆ

ಹಳೆಯ ಗಾಡಿ ಮಾರುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ‘ಎಂಜಿನ್ ಬಿಚ್ಚೇ ಇಲ್ಲ ಸಾರ್, ಕಂಪನಿ ಸೀಲ್ ಹಂಗೇ ಇದೆ.’ ಕೊಳ್ಳುವವರೂ ಇದನ್ನು ಕೇಳಿದೊಡನೆ ತಲೆದೂಗುತ್ತಾರೆ. ಮೂವತ್ತು ವರ್ಷ ಓಡಿದ ಗಾಡಿಯ ಎಂಜಿನ್ನನ್ನು ಒಮ್ಮೆಯೂ ಬಿಚ್ಚಿಲ್ಲವೆಂದರೆ ಒಳಗಿನ ಬೇರಿಂಗು, ರಿಂಗು, ಆಯಿಲ್ ಸೀಲುಗಳಿಗೂ ಮೂವತ್ತು ವರ್ಷ ಆಗಿದೆ ಎಂದೇ ಅರ್ಥ. ಆ ಸೀಲಿನ ರಬ್ಬರು ಎಂದೋ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಹೆದರಬೇಕಾದ ಸುದ್ದಿಯನ್ನು ಒಬ್ಬ ಹೆಗ್ಗಳಿಕೆಯಂತೆ ಹೇಳುವುದು, ಇನ್ನೊಬ್ಬ ಅದಕ್ಕಾಗಿಯೇ ನಾಲ್ಕು ಕಾಸು ಹೆಚ್ಚು ಕೊಡುವುದು – ಹಳೆ ಗಾಡಿ ಪೇಟೆಯ ಈ ವ್ಯಾಪಾರಕ್ಕೆ ಏನೆನ್ನಬೇಕೋ ತಿಳಿಯದು.

ಇದರ ಬೆನ್ನಿಗೇ ಇನ್ನೊಂದು ತೀರ್ಪು ಬರುತ್ತದೆ. ಬಿಚ್ಚಲೇಬೇಕಾಗಿ ಬಂದರೂ ಅದು ಗ್ಯಾರೇಜಿನವರ ಕೆಲಸ. ಪೋರ್ಟಿಕೋದಲ್ಲೋ ಹಿತ್ತಿಲಲ್ಲೋ ಯಜಮಾನನೇ ಸ್ಪ್ಯಾನರ್ ಹಿಡಿದು ಎಂಜಿನ್ ಇಳಿಸಲು ಕೂತರೆ ಗಾಡಿ ಗುಜರಿ ಸೇರಿತೆಂದೇ ತಿಳಿಯಬೇಕು. ನೆಂಟರು, ನೆರೆಯವರು, ಗ್ಯಾರೇಜಿನವರು ಎಲ್ಲರದೂ ಇದರಲ್ಲಿ ಒಂದೇ ರಾಗ. ಈ ಎರಡು ಮಾತೂ ಸುಳ್ಳು. ಹೊಸ ಗಾಡಿಗಳ ಸಂಗತಿ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಜಾವಾ, ಯೆಜ್ಡಿ, ಚೇತಕ್, ಹಳೆಯ ಬುಲೆಟ್ ಇಂಥವುಗಳ ಎಂಜಿನ್ನನ್ನು ಚಾಸಿಯಿಂದ ಇಳಿಸುವ ಕೆಲಸ ಮನೆಯಲ್ಲಿ ಆಗಬಹುದು ಎಂದಷ್ಟೇ ನಾನು ಹೇಳುತ್ತಿಲ್ಲ. ಮನೆಯಲ್ಲಿ ಆಗುವುದೇ ಗಾಡಿಗೆ ಕ್ಷೇಮ ಎನ್ನುತ್ತಿದ್ದೇನೆ.

ಮೊದಲು ‘ಬಿಚ್ಚಿದರೆ ಕೆಟ್ಟಿತು’ ಎಂಬುದನ್ನೇ ನೋಡೋಣ. ಹಾಗೆನ್ನುವವರು ಮೊನ್ನೆ ತಾನೇ ಸರ್ಕಾರಿ ಬಸ್ಸಿನಲ್ಲಿ ಊರಿಗೆ ಹೋಗಿ ಬಂದಿರುತ್ತಾರೆ. ಸಾರಿಗೆ ನಿಗಮದ ಬಸ್ಸು ಲಕ್ಷಗಟ್ಟಲೆ ಕಿಲೋಮೀಟರ್ ಓಡುವುದು ಎಂಜಿನ್ನನ್ನು ಮುಟ್ಟದೆ ಪೂಜೆಗಿಟ್ಟಿದ್ದರಿಂದಲ್ಲ. ಇಳಿಸಿ, ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದು ಕೂರಿಸಿ ಮತ್ತೆ ಏರಿಸುವ ಇಂಥ ಕೆಲಸಗಳಿಗೆಂದೇ ನಿಗಮ ವರ್ಕ್‌ಶಾಪುಗಳನ್ನು ಕಟ್ಟಿಕೊಂಡಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ಎಂಜಿನ್ನುಗಳನ್ನು ಓವರ್‌ಹಾಲ್ ಮಾಡುವುದೇ ಒಂದು ದೊಡ್ಡ ಕಸುಬು. ಬಿಚ್ಚದ ಎಂಜಿನ್ನೇ ಶ್ರೇಷ್ಠ ಎಂದು ಅಲ್ಲಿ ಯಾರಾದರೂ ವಾದಿಸಿದರೆ ನಕ್ಕು ಕಳಿಸಿಯಾರು. ಅಷ್ಟು ದೂರ ಹೋಗುವುದೂ ಬೇಡ. ಕೆರೆಯ ಪಕ್ಕದ ತೋಟದಲ್ಲಿ ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡ ರೈತ ಅದರ ಹೆಡ್ ಬಿಚ್ಚಿ, ವಾಲ್ವ್ ಉಜ್ಜಿ, ರಿಂಗ್ ಬದಲಿಸಿ, ಸಂಜೆಯೊಳಗೆ ನೀರು ಹಾಯಿಸುತ್ತಾನೆ. ಅವನ ಎಂಜಿನ್ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಬಿಚ್ಚಿದರೆ ಕೆಡುವ ಈ ವಿಚಿತ್ರ ಗುಣ ನಂಬರ್ ಪ್ಲೇಟ್ ಇರುವ ಎಂಜಿನ್ನುಗಳಿಗೆ ಮಾತ್ರ ಅಂಟಿಕೊಂಡದ್ದು ಹೇಗೆ?

ಎಂಜಿನ್ ಬಿಚ್ಚಿದ ಮೇಲೆ ಗಾಡಿ ಹಾಳಾಯಿತೆಂಬ ಕತೆ ಬೀದಿಗೊಂದು ಇದೆ, ನಿಜ. ಅದನ್ನು ಯಾವಾಗ ಬಿಚ್ಚಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೊಗೆ ಕಾರಿ, ಶಬ್ದ ಮಾಡಿ, ಏರು ಹತ್ತದೆ ಒದ್ದಾಡಿ, ಕೊನೆಗೆ ನಡುದಾರಿಯಲ್ಲಿ ಜಾಮ್ ಆಗಿ ನಿಂತ ಮೇಲೆ ಬಿಚ್ಚಿರುತ್ತಾರೆ. ಅಷ್ಟು ಹೊತ್ತಿಗೆ ಬೋರಿನಲ್ಲಿ ಗೀರು ಬಿದ್ದು, ಕನೆಕ್ಟಿಂಗ್ ರಾಡ್ ಅಲುಗಾಡಿ, ಕ್ರ್ಯಾಂಕ್ ಬೇರಿಂಗ್ ಸವೆದು ಎಲ್ಲವೂ ಮುಗಿದಿರುತ್ತದೆ. ದೊಡ್ಡಾಸ್ಪತ್ರೆಗೆ ಸೇರಿದವರಲ್ಲಿ ಸತ್ತವರು ಹೆಚ್ಚು, ಆದ್ದರಿಂದ ದೊಡ್ಡಾಸ್ಪತ್ರೆಯ ಗಾಳಿಯೇ ಸರಿಯಿಲ್ಲ ಎನ್ನುವ ತರ್ಕ ಇದು.

ಮಾತು ಗಾಳಿಯಲ್ಲಿ ತೇಲದಿರಲು ನಮ್ಮದೇ ಊರಿನ ಎಂಜಿನ್ನೊಂದನ್ನು ಎದುರಿಗಿಟ್ಟುಕೊಳ್ಳೋಣ. ಐಡಿಯಲ್ ಜಾವಾ ಕಂಪನಿ ಹುಟ್ಟಿದ್ದು 1960ರಲ್ಲಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ 1961ರಿಂದ ಬೈಕುಗಳು ಹೊರಬಂದವು. ಮೊದಲು ಜಾವಾ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಎಂದರೆ ಇವತ್ತು ರಸ್ತೆಯಲ್ಲಿರುವ ಆ ಕಾರ್ಖಾನೆಯ ಅತಿ ಎಳೆಯ ಯೆಜ್ಡಿಗೂ ಮೂವತ್ತರ ಆಸುಪಾಸು ವಯಸ್ಸು. ಕಂಪನಿ ಸರ್ವೀಸು ಎಂಬುದು ಇದಕ್ಕೆ ಇಲ್ಲವಾಗಿ ಒಂದು ತಲೆಮಾರೇ ಕಳೆದಿದೆ. 2018ರಲ್ಲಿ ಮತ್ತೆ ಬಂದ ಜಾವಾ, ಹೆಸರಿನಲ್ಲಿ ಮಾತ್ರ ಅದೇ. ನೀರಿನಿಂದ ತಣಿಯುವ ನಾಲ್ಕು ಸ್ಟ್ರೋಕಿನ ಆ ಎಂಜಿನ್ನಿಗೂ ಇದಕ್ಕೂ ನಂಟಿಲ್ಲ. ಹೀಗಿರುವಾಗ ‘ಕಂಪನಿಯವರೇ ಬಿಚ್ಚಬೇಕು’ ಎನ್ನುವವರು ಯಾವ ಕಂಪನಿಯ ಬಾಗಿಲು ತಟ್ಟಬೇಕೆಂದೂ ಹೇಳಬೇಕು.

ಈ ಬೈಕನ್ನು ಮಾಡಿದವರೇ ಯಜಮಾನನ ಕೈಯನ್ನು ನಂಬಿದ್ದರು. ಗಾಡಿಯ ಜೊತೆಗೆ ಟೂಲ್ ಕಿಟ್ ಕೊಟ್ಟರು, ಗಾಳಿ ಹೊಡೆಯುವ ಪಂಪು ಕೊಟ್ಟರು. ಹೆಡ್ ತೆಗೆದು ಪಿಸ್ಟನ್ನಿನ ನೆತ್ತಿಯ ಮೇಲಿನ ಕಾರ್ಬನ್ನನ್ನು, ಸೈಲೆನ್ಸರ್ ದ್ವಾರದ ಮಸಿಯನ್ನು ಕೆರೆದು ತೆಗೆಯುವ ಕ್ರಮವನ್ನು ಕೈಪಿಡಿಯಲ್ಲಿ ಬರೆದುಕೊಟ್ಟರು. ಒಂದೇ ಸಿಲಿಂಡರು, 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, ಒಟ್ಟು 250 ಸಿಸಿಗೆ ತುಸು ಕಡಿಮೆ. ಟು ಸ್ಟ್ರೋಕ್ ಆದ್ದರಿಂದ ವಾಲ್ವಿಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಇಲ್ಲ. ಗೇರ್‌ಬಾಕ್ಸ್ ಎಂಜಿನ್ನಿನ ಕೇಸಿನೊಳಗೇ ಇದೆ. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರಿನಲ್ಲಿ ಎಂಬುದು ಜಗತ್ತಿಗೇ ಗೊತ್ತಿರುವ ಇದರ ಚಮತ್ಕಾರ. ಇಡೀ ಗಂಟು ಬೆರಳೆಣಿಕೆಯ ಬೋಲ್ಟುಗಳಲ್ಲಿ ಚಾಸಿಗೆ ಕೂತಿದೆ.

ಇಳಿಸುವುದೆಂದರೆ ಏನು ಮಾಡಬೇಕು ಕೇಳಿ. ಬ್ಯಾಟರಿಯ ವೈರು ಬಿಡಿಸಿ ಬ್ಯಾಟರಿಯನ್ನು ಆಚೆ ಇಡಬೇಕು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಪೈಪು ಕಿತ್ತು, ಟ್ಯಾಂಕನ್ನೇ ತೆಗೆದು ಬೇರೆ ಕಡೆ ಇಡುವುದು ಒಳ್ಳೆಯದು. ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದರೆ ಸ್ಲೈಡು ಕೇಬಲ್ ಸಮೇತ ಹೊರಬರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹ್ಯಾಂಡಲ್ಲಿಗೆ ಕಟ್ಟಿದರಾಯಿತು. ಬೆಂಡ್ ಪೈಪುಗಳ ರಿಂಗ್ ನಟ್ಟಿಗೆ ಕೊಕ್ಕೆ ಸ್ಪ್ಯಾನರ್ ಬೇಕು. ಗ್ಯಾರೇಜಿನಲ್ಲಿ ಇದನ್ನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುತ್ತಾರೆ. ಹಳೆಯ ಯೆಜ್ಡಿಗಳ ರಿಂಗ್ ನಟ್ಟಿನ ರೆಕ್ಕೆಗಳೆಲ್ಲ ಮುರಿದಿರುವುದು ಅದಕ್ಕೇ. ಆಮೇಲೆ ಗೇರ್ ಲಿವರು, ಎಡಬದಿಯ ಕವರು, ಕ್ಲಚ್ ಕೇಬಲ್ಲು, ಬಲಬದಿಯ ಡೈನಮೋದಿಂದ ಬರುವ ವೈರುಗಳು. ಚೈನ್ ಲಾಕ್ ಬಿಡಿಸುವ ಮುಂಚೆ ಮಾಡಬೇಕಾದ ಜಾಣತನವೊಂದಿದೆ. ಕ್ಲಚ್ಚಿನ ನಡುವಿನ ನಟ್ಟು, ಮುಂದಿನ ಚೈನ್ ಸ್ಪ್ರಾಕೆಟ್ಟಿನ ನಟ್ಟು ಇಂಥ ಬಿಗಿ ನಟ್ಟುಗಳನ್ನು ಎಂಜಿನ್ ಚಾಸಿಯಲ್ಲಿ ಇರುವಾಗಲೇ, ಗೇರಿನಲ್ಲಿಟ್ಟು, ಹಿಂದಿನ ಬ್ರೇಕ್ ತುಳಿದು ಸಡಿಲಿಸಿಟ್ಟುಕೊಳ್ಳಬೇಕು. ಕೆಳಗಿಳಿದ ಮೇಲೆ ಎಂಜಿನ್ ಗಿರ್ರನೆ ತಿರುಗುತ್ತದೆ, ನಟ್ಟು ಕದಲುವುದಿಲ್ಲ. ಇಷ್ಟಾದ ಮೇಲೆ ಎಂಜಿನ್ನಿನ ಬೋಲ್ಟು ತೆಗೆದು, ಇಬ್ಬರು ಎರಡು ಬದಿಯಿಂದ ಹಿಡಿದು ಹೊರಗೆ ಎತ್ತಿಕೊಳ್ಳುವುದು. ಒಂದು ಬೆಳಗಿನ ಕೆಲಸ. ಇದರಲ್ಲಿ ಎಂಜಿನ್ ಕೆಡುವಂಥದ್ದು ಏನಿದೆ, ಎಲ್ಲಿದೆ?

ಬಜಾಜ್ ಚೇತಕ್‌ದು ಇನ್ನೂ ತಮಾಷೆ. ಅದರ ಎಂಜಿನ್ ಒಂದು ಉದ್ದನೆಯ ಬೋಲ್ಟಿನ ಮೇಲೆ ಮತ್ತು ಹಿಂದಿನ ಶಾಕ್ ಅಬ್ಸಾರ್ಬರಿನ ಬೋಲ್ಟಿನ ಮೇಲೆ ನಿಂತಿದೆ. ಕೇಬಲ್ಲು, ವೈರು, ಪೆಟ್ರೋಲ್ ಪೈಪು ಬಿಡಿಸಿ ಆ ಎರಡು ಬೋಲ್ಟು ಎಳೆದರೆ ಎಂಜಿನ್ ಇಳಿಸುವ ಮಾತೇ ಇಲ್ಲ. ಬಾಡಿಯನ್ನೇ ಹಿಂದಿನಿಂದ ಎತ್ತಿ ಮುಂದಕ್ಕೆ ತಳ್ಳಿದರೆ ಎಂಜಿನ್ ಚಕ್ರದ ಸಮೇತ ನೆಲದ ಮೇಲೆ ಉಳಿಯುತ್ತದೆ. ಇಂಥದ್ದನ್ನೂ ‘ಮನೆಯಲ್ಲಿ ಆಗದ ಕೆಲಸ’ದ ಪಟ್ಟಿಗೆ ಸೇರಿಸಿ ನಾವು ಗಂಭೀರವಾಗಿ ತಲೆ ಅಲ್ಲಾಡಿಸುತ್ತೇವೆ.

ಎಂಜಿನ್ ಕೆಡುವುದು ಇಳಿಸುವಾಗ ಅಲ್ಲ. ಕೇಸನ್ನು ಎರಡು ಹೋಳು ಮಾಡುವಾಗ, ಮತ್ತೆ ಕೂಡಿಸುವಾಗ. ಟು ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಕೇಸು ಬರೀ ಡಬ್ಬಿಯಲ್ಲ, ಅದೇ ಪಂಪು. ಪಿಸ್ಟನ್ ಮೇಲೇರಿದಾಗ ಪೆಟ್ರೋಲು ಗಾಳಿಯ ಮಿಶ್ರಣ ಕೇಸಿನೊಳಕ್ಕೆ ಬರುತ್ತದೆ, ಕೆಳಗಿಳಿದಾಗ ಒತ್ತಿಸಿಕೊಂಡು ಪಕ್ಕದ ದ್ವಾರಗಳಿಂದ ಪಿಸ್ಟನ್ನಿನ ಮೇಲಕ್ಕೆ ನುಗ್ಗುತ್ತದೆ. ಆದ್ದರಿಂದ ಆ ಕೇಸಿನಲ್ಲಿ ಎಲ್ಲಿಯೂ ಗಾಳಿ ಸೋರಬಾರದು. ಅಂಟಿಕೊಂಡ ಕೇಸಿನ ಸಂದಿಗೆ ಅವಸರದವನು ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾನೆ. ಅಲ್ಯುಮಿನಿಯಂ ಮೆದು ಲೋಹ, ಅಂಚಿನಲ್ಲಿ ಗಾಯವಾಗುತ್ತದೆ. ಆ ಗಾಯದ ಮೇಲೆ ಪ್ಯಾಕಿಂಗ್ ಇಟ್ಟು, ಸಾಲದ್ದಕ್ಕೆ ಬೆರಳು ದಪ್ಪ ಗಮ್ ಮೆತ್ತಿ ಮುಚ್ಚುತ್ತಾರೆ. ನಾಲ್ಕು ದಿನ ಗಾಡಿ ಓಡುತ್ತದೆ. ಆಮೇಲೆ ಆ ಸಂದಿಯಿಂದ ಕಳ್ಳಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಆ ಮಟ್ಟಿಗೆ ಕಡಿಮೆಯಾಗುತ್ತದೆ, ಪಿಸ್ಟನ್ ಕಾದು ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಗಾಡಿಯವನು ಹಣೆ ಚಚ್ಚಿಕೊಂಡು ‘ಎಂಜಿನ್ ಬಿಚ್ಚಿಸಬಾರದಿತ್ತು’ ಎನ್ನುತ್ತಾನೆ. ಅವನು ಬಿಚ್ಚಿಸಿದ್ದರಲ್ಲಿ ತಪ್ಪಿಲ್ಲ; ಮೀಟಿದ್ದರಲ್ಲಿ ಇದೆ.

ಬಿಚ್ಚದೆ ಬಿಟ್ಟ ಎಂಜಿನ್ನಿಗೂ ಇದೇ ಗತಿ, ತುಸು ನಿಧಾನವಾಗಿ. ಕ್ರ್ಯಾಂಕಿನ ಎರಡು ತುದಿಯಲ್ಲೂ ಆಯಿಲ್ ಸೀಲಿದೆ. ಡೈನಮೋ ಬದಿಯ ಸೀಲು ಒಣಗಿದರೆ ಅಲ್ಲಿಂದ ಗಾಳಿ ಒಳಬರುತ್ತದೆ. ಕ್ಲಚ್ ಬದಿಯದು ಹೋದರೆ ಗೇರ್ ಆಯಿಲನ್ನೇ ಎಂಜಿನ್ ಹೀರಿಕೊಂಡು ಬೆಳ್ಳಗೆ ಹೊಗೆ ಕಾರುತ್ತದೆ. ಬೀದಿಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಎಮಿಷನ್ ಸರ್ಟಿಫಿಕೇಟಿಗೆ ಪರದಾಟ, ಎಫ್‌ಸಿಗೆ ಹೋದಾಗ ಮುಜುಗರ. ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 300ರ ಬದಲು 1000 ರೂಪಾಯಿ ಆದಾಗ ಹಳೆ ಗಾಡಿಗಳ ಅಭಿಮಾನಿಗಳು ಸರ್ಕಾರವನ್ನು ಬಯ್ದರು. ಬಯ್ಯಲಿ, ನನ್ನ ತಕರಾರಿಲ್ಲ. ಆದರೆ ನೂರೈವತ್ತು ಇನ್ನೂರು ರೂಪಾಯಿಯ ಸೀಲು ಬದಲಿಸಲು ಎಂಜಿನ್ ಬಿಚ್ಚದೆ, ಊರಿಗೆಲ್ಲ ಹೊಗೆ ಹಂಚುತ್ತಾ, ‘ಕಂಪನಿ ಫಿಟಿಂಗ್’ ಎಂದು ಎದೆ ತಟ್ಟಿಕೊಳ್ಳುವವರಿಗೆ ಆ ಬಯ್ಗುಳದ ಹಕ್ಕು ಅಷ್ಟಾಗಿ ಇಲ್ಲ.

ಇಷ್ಟು ಹೇಳಿದ ಮೇಲೆ ಮೆಕ್ಯಾನಿಕ್ಕುಗಳನ್ನು ಹೀಗಳೆಯಲು ಇದನ್ನು ಬರೆದೆನೆಂದು ಯಾರೂ ತಿಳಿಯಬೇಡಿ. ಕಾರ್ಖಾನೆ ಮುಚ್ಚಿದ ಮೇಲೂ ಈ ಬೈಕುಗಳನ್ನು ಬದುಕಿಸಿದವರು ಅವರೇ. ಮೈಸೂರಿನಲ್ಲಿ ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನಬಲ್ಲ ಹಿರಿಯರಿದ್ದಾರೆ. ಅವರಲ್ಲಿ ಇಲ್ಲದ್ದು ಅರಿವಲ್ಲ, ಹೊತ್ತು. ಬಾಗಿಲಲ್ಲಿ ಎಂಟು ಗಾಡಿ ನಿಂತಿರುತ್ತವೆ, ಸಂಜೆಗೆ ಕೊಡುತ್ತೇನೆಂದು ನಾಲ್ವರಿಗೆ ಮಾತು ಕೊಟ್ಟಿರುತ್ತಾರೆ, ಬಿಚ್ಚುವ ಕೆಲಸ ಕಲಿಯಲು ಬಂದ ಹುಡುಗನ ಪಾಲಿಗೆ ಬೀಳುತ್ತದೆ. ತುಕ್ಕು ಹಿಡಿದ ಸ್ಕ್ರೂ ಅಲ್ಯುಮಿನಿಯಂ ಕೇಸಿನಲ್ಲಿ ಕಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಬರದಿದ್ದರೆ ಕೇಸಿಗೆ ಹದವಾಗಿ ಬಿಸಿ ಕೊಟ್ಟು ಮತ್ತೆ ನೋಡಬೇಕು. ಆ ರಾತ್ರಿ ಗ್ಯಾರೇಜಿನಲ್ಲಿ ಸಿಗುವುದಿಲ್ಲ. ಉಳಿ, ಸುತ್ತಿಗೆ, ‘ತ್ರೆಡ್ ಹೋಯ್ತು ಸಾರ್, ಬುಷ್ ಹಾಕಿಸ್ಬೇಕು.’ ಆ ರಾತ್ರಿ ಇರುವುದು ಮನೆಯಲ್ಲಿ. ಯಜಮಾನನ ಕೈಗೆ ಅನುಭವ ಕಡಿಮೆ, ಒಪ್ಪಿದೆ. ಆದರೆ ತುಕ್ಕಿನ ಸ್ಕ್ರೂವಿಗೆ ಬೇಕಾದದ್ದು ಅನುಭವಕ್ಕಿಂತ ತಾಳ್ಮೆ. ಬಿಚ್ಚಿದ ಪ್ರತಿ ಬೋಲ್ಟನ್ನೂ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಸಾಲಾಗಿ ಇಟ್ಟು, ಪಕ್ಕದಲ್ಲಿ ಚೀಟಿ ಬರೆದು, ಮೊಬೈಲಿನಲ್ಲಿ ಫೋಟೋ ಹಿಡಿದುಕೊಳ್ಳುವ ಪುರುಸೊತ್ತು ಗಾಡಿಯನ್ನು ಪ್ರೀತಿಸುವವನಿಗಲ್ಲದೆ ಬೇರೆ ಯಾರಿಗಿದೆ?

ಇನ್ನೊಂದು ವಿಷಯ. ಇಡೀ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರೆ ಅದು ಎಂಜಿನ್ ಬಿಚ್ಚಿಸಿಕೊಂಡು ತಿಂಗಳುಗಟ್ಟಲೆ ಬೀದಿಬದಿಯಲ್ಲಿ ಮಳೆ ಬಿಸಿಲಿಗೆ ನಿಲ್ಲುತ್ತದೆ. ಸ್ಪೇರ್ ಸಿಕ್ಕಿಲ್ಲ, ಲೇತಿನವನು ಊರಿಗೆ ಹೋಗಿದ್ದಾನೆ, ಹಬ್ಬ ಬಂತು. ಅಷ್ಟರಲ್ಲಿ ಟ್ಯಾಂಕಿನ ಮುಚ್ಚಳ ಒಂದು ಕಡೆ, ಒಳ್ಳೆಯ ಕಾರ್ಬ್ಯುರೇಟರ್ ಇನ್ನೊಂದು ಕಡೆ. ಯಾವ ಊರಿನ ಯಾವ ಗ್ಯಾರೇಜಿನ ಮುಂದೆ ಇಂಥ ಅಸ್ಥಿಪಂಜರವೊಂದು ನಿಂತಿಲ್ಲ ಹೇಳಿ. ಮನೆಯಲ್ಲಿ ಇಳಿಸಿದರೆ ಚಾಸಿ ಮನೆಯಲ್ಲೇ ಉಳಿಯುತ್ತದೆ. ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಹೋದರೆ ಸಾಕು. ಜೊತೆಗೆ ಆರ್‌ಸಿ ಪ್ರತಿ ಇಟ್ಟುಕೊಳ್ಳಿ, ಎಂಜಿನ್ ನಂಬರ್ ಕೇಳುವವರು ಕೇಳುತ್ತಾರೆ.

ಹೋಗಬೇಕಾದಲ್ಲಿಗೆ ಹೋಗಲೇಬೇಕು, ಅದರಲ್ಲಿ ಹಠ ಸಲ್ಲದು. ಈ ಎಂಜಿನ್ನಿನ ಕ್ರ್ಯಾಂಕ್ ಒಂದೇ ತುಂಡಲ್ಲ; ಬಿಡಿ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಹೊಸ ಕನೆಕ್ಟಿಂಗ್ ರಾಡ್ ಹಾಕಿಸುವುದೆಂದರೆ ಅದನ್ನು ಬಿಡಿಸಿ, ಮತ್ತೆ ಒತ್ತಿ, ಡಯಲ್ ಗೇಜ್ ಇಟ್ಟು ನೇರ ಮಾಡುವುದು. ಮಿಲಿಮೀಟರಿನ ನೂರನೇ ಭಾಗದ ಲೆಕ್ಕ. ಬೋರ್ ಮಾಡಿಸುವುದೂ ಹಾಗೇ, ಹೊಸ ಪಿಸ್ಟನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅದರ ಅಳತೆಗೆ ಬೋರ್ ಹೊಡೆಸಬೇಕು. ಇವು ಮನೆಯ ಕೆಲಸವಲ್ಲ. ಸುತ್ತಿಗೆಯಲ್ಲಿ ಬಡಿದು ಕ್ರ್ಯಾಂಕ್ ಕಟ್ಟುವ ಗ್ಯಾರೇಜಿನ ಕೆಲಸವೂ ಅಲ್ಲ ಎಂದು ಸೇರಿಸುತ್ತೇನೆ. ನಮ್ಮಲ್ಲಿ ಗೆರೆ ಎಳೆದಿರುವುದೇ ತಪ್ಪು ಜಾಗದಲ್ಲಿ. ಯಜಮಾನನ ಕೈ ಒಂದು ಕಡೆ, ವೃತ್ತಿಯವರ ಕೈ ಇನ್ನೊಂದು ಕಡೆ ಎಂದು ಗೆರೆ ಎಳೆಯುತ್ತೇವೆ. ಎಳೆಯಬೇಕಾದದ್ದು ಸ್ಪ್ಯಾನರಿನಲ್ಲಿ ಆಗುವ ಕೆಲಸ ಮತ್ತು ಯಂತ್ರದಲ್ಲಿ ಮಾತ್ರ ಆಗುವ ಕೆಲಸಗಳ ನಡುವೆ.

ಅಪಾಯವಿಲ್ಲವೇ? ಇದೆ. ಆದರೆ ಜನ ಹೆದರುವ ಕಡೆ ಇಲ್ಲ. ಬೋಲ್ಟು ಮಿಕ್ಕೀತೆಂದು ಹೆದರುವವರು ಪೆಟ್ರೋಲ್ ತುಂಬಿದ ಟ್ಯಾಂಕನ್ನು ತಂದು ಅಡುಗೆಮನೆಯ ಬಾಗಿಲ ಪಕ್ಕ ಇಡುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಗೀಸರ್ ಇರುವ ಕಡೆಯಿಂದ ಅದು ದೂರವಿರಬೇಕು. ಪೆಟ್ರೋಲಿನಲ್ಲಿ ಸಾಮಾನು ತೊಳೆಯುವ ಚಾಳಿಯೂ ಕೆಟ್ಟದ್ದು. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಸಾಕು. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯುವುದು ಅಪರಾಧವೆಂದೇ ತಿಳಿಯಿರಿ. ಬಳಸಿದ ಎಣ್ಣೆ ಕಾನೂನಿನ ಕಣ್ಣಲ್ಲಿ ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ, ಅದನ್ನು ಸಂಗ್ರಹಿಸುವ ಸರ್ವೀಸ್ ಸ್ಟೇಷನ್ನಿಗೆ ಕೊಡಿ. ಪೋರ್ಟಿಕೋದ ನೆಲಕ್ಕೆ ಕಲೆಯಾಗುತ್ತದೆ ಎಂಬ ಮನೆಯವರ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಳೆದ ಚುನಾವಣೆಯ ಫ್ಲೆಕ್ಸ್ ಬ್ಯಾನರೊಂದು ಸಿಕ್ಕರೆ ಹಾಸಿಕೊಳ್ಳಿ, ನಾಯಕರು ಅಷ್ಟಕ್ಕಾದರೂ ಬಂದಾರು.

ಕಾರಿನ ವಿಷಯಕ್ಕೆ ಬಂದರೆ ನಾನು ಇಷ್ಟು ಧಾರಾಳಿಯಲ್ಲ. ಅಂಬಾಸಿಡರ್, ಪದ್ಮಿನಿಯಂಥ ಕಾರುಗಳ ಎಂಜಿನ್ನು ಬಾನೆಟ್ ತೆಗೆದರೆ ಮೇಲಿನಿಂದ ಎತ್ತುವಂತೆಯೇ ಇದೆ, ಸುತ್ತ ಕೈಯಾಡಿಸಲು ಜಾಗವೂ ಬೇಕಾದಷ್ಟಿದೆ. ಆದರೆ ತೂಕ ತೂಕವೇ. ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ ಇರುವಂಥ ಮೂರು ಕಾಲಿನ ಸ್ಟ್ಯಾಂಡು, ಗಟ್ಟಿ ಚೈನ್ ಪುಲ್ಲಿ ಬಾಡಿಗೆಗೆ ಸಿಕ್ಕಿದರೆ, ಜೊತೆಗೆ ತಿಳಿದವರೊಬ್ಬರಿದ್ದರೆ ಕೈ ಹಾಕಿ. ಸೀಲಿಂಗ್ ಫ್ಯಾನಿನ ಕೊಂಡಿಗೆ ಎಂಜಿನ್ ನೇತುಹಾಕುವ ಮಹಾನುಭಾವರೂ ಇದ್ದಾರೆ. ಅವರಿಗೆ ನನ್ನ ಲೇಖನ ಓದಬೇಡಿ ಎಂದೇ ಹೇಳುತ್ತೇನೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತೂರುವವರಿಗೂ ಅದೇ ಮಾತು. ಕಂಪ್ಯೂಟರು, ಹತ್ತಾರು ಸೆನ್ಸರುಗಳು ಇರುವ ಈಗಿನ ಕಾರುಗಳನ್ನು ಅದರವರಿಗೇ ಬಿಡೋಣ. ಆದರೆ ಅವುಗಳ ಭಯವನ್ನು ತಂದು 1985ರ ಯೆಜ್ಡಿಯ ಮೇಲೆ ಹೇರುವುದು ಬೇಡ. ರಿಪೇರಿ ಮಾಡಿಕೊಳ್ಳುವ ಹಕ್ಕಿಗೊಂದು ಚೌಕಟ್ಟು ಬೇಕೆಂದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಸಮಿತಿ ಮಾಡಿತು. ಮೊಬೈಲು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಹೊಸ ಗಾಡಿಗಳಿಗೆ ಹೋರಾಡಿ ಪಡೆಯಬೇಕಾದ ಆ ಹಕ್ಕು ಹಳೆಯ ಗಾಡಿಯವನಿಗೆ ಹುಟ್ಟಿನಿಂದಲೇ ಇದೆ. ಅದನ್ನು ನಾವೇ ಬೇಡವೆಂದು ತಳ್ಳುತ್ತಿದ್ದೇವೆ.

ಏಕೆ ತಳ್ಳುತ್ತೇವೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ‘ಇದು ನಮ್ಮಂಥವರ ಕೆಲಸವಲ್ಲ’ ಎಂಬುದರಲ್ಲಿ ‘ನಮಗೆ ಬರುವುದಿಲ್ಲ’ ಎಂಬ ವಿನಯ ಕಾಲುಭಾಗ. ‘ನಾವು ಮಾಡಬಾರದು’ ಎಂಬ ಬಿಂಕ ಮುಕ್ಕಾಲು. ಗ್ರೀಸು ಮೆತ್ತಿದ ಕೈ ಓದಿದವನ ಕೈಯಲ್ಲ ಎಂಬ ಎಣಿಕೆ ನಮ್ಮಲ್ಲಿ ಬಹಳ ಹಳೆಯದು, ಅದರ ಬೇರು ಎಲ್ಲಿದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಯುಧಪೂಜೆಯ ದಿನ ಸ್ಪ್ಯಾನರಿಗೆ ಅರಿಶಿನ ಕುಂಕುಮ ಹಚ್ಚಿ, ಗಾಡಿಗೆ ಬೂದುಗುಂಬಳ ಒಡೆದು ಕೈಮುಗಿಯುತ್ತೇವೆ. ಮಾರನೆಯ ದಿನ ಆ ಸ್ಪ್ಯಾನರ್ ಹಿಡಿದು ಕೂತವನನ್ನು ಕಂಡರೆ ‘ಯಾಕೆ, ಮೆಕ್ಯಾನಿಕ್ ಸಿಗಲಿಲ್ವೇ?’ ಎಂದು ಕೇಳುತ್ತೇವೆ. ಎಂಜಿನಿಯರಿಂಗ್ ಕಾಲೇಜುಗಳಿಂದ ತುಂಬಿದ ರಾಜ್ಯ ಇದು. ಮೆಕ್ಯಾನಿಕಲ್ ಪದವಿ ಪಡೆದ ಮಗ ತಂದೆಯ ಯೆಜ್ಡಿಯ ಕ್ಲಚ್ ಕೇಬಲ್ ಬದಲಿಸಲು ಹಿಂಜರಿಯುತ್ತಾನೆ, ಮನೆಯವರು ಅದನ್ನು ಸಭ್ಯತೆ ಎಂದುಕೊಳ್ಳುತ್ತಾರೆ.

ಕಾನೂನಿನ ಗುಮ್ಮ ತೋರಿಸುವವರೂ ಇದ್ದಾರೆ. ಬೇರೆ ಎಂಜಿನ್ ತಂದು ಹಾಕಿದರೆ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ನಂಬರ್ ಆರ್‌ಸಿಯಲ್ಲಿ ದಾಖಲಾಗಬೇಕು; 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಂಥ ಬದಲಾವಣೆಯ ಸಂಗತಿ. ಅದೇ ಎಂಜಿನ್ನನ್ನು ಇಳಿಸಿ, ರಿಪೇರಿ ಮಾಡಿ, ಅದೇ ಚಾಸಿಗೆ ಏರಿಸಲು ಯಾರ 
ಅಪ್ಪಣೆಯೂ ಬೇಕಿಲ್ಲ. ‘ಬಿಚ್ಚಿದರೆ ರೀಸೇಲ್ ಬೆಲೆ ಹೋಗುತ್ತದೆ’ ಎಂಬುದೊಂದೇ ಕೊನೆಗೆ ಉಳಿಯುವ ವಾದ, ಅದು ಮಾತ್ರ ನಿಜ. ಪೇಟೆ ಹಾಗೆ ನಂಬಿರುವವರೆಗೂ ನಿಜವಾಗಿಯೇ ಇರುತ್ತದೆ. ನಂಬಿಕೆಯಿಂದ ಇಳಿದ ಬೆಲೆ ನಂಬಿಕೆ ಬದಲಾದರೆ ಏರಲೂಬಹುದು, ಅದು ಕೊಳ್ಳುವವರ ಕೈಯಲ್ಲಿದೆ.

ಅದಕ್ಕೇ ಹಳೆಯ ಗಾಡಿ ಕೊಳ್ಳಲು ಹೊರಟವರಿಗೆ ಹೇಳುತ್ತೇನೆ. ‘ಎಂಜಿನ್ ಬಿಚ್ಚೇ ಇಲ್ಲ’ ಎಂದರೆ ಬೆಲೆ ಇಳಿಸಿ ಕೇಳಿ; ಬಿಚ್ಚುವ ಖರ್ಚು ನಿಮ್ಮ ತಲೆಗೇ ಬರಲಿದೆ. ‘ಬಿಚ್ಚಿದ್ದೇನೆ’ ಎಂದರೆ ಯಾವಾಗ, ಎಷ್ಟನೇ ಬೋರು, ಯಾವ ಬೇರಿಂಗ್ ಹಾಕಿದಿರಿ, ಸೀಲು ಎಲ್ಲಿಂದ ತಂದಿರಿ, ಬಿಲ್ ಇದೆಯೇ ಎಂದು ಕೇಳಿ. ಕೇಸಿನ ಎರಡು ಹೋಳು ಕೂಡುವ ಅಂಚಿನಲ್ಲಿ ಉಳಿಯ ಗಾಯವಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಆ ಅಂಚು ನಯವಾಗಿದ್ದು, ಬಿಚ್ಚಿ ತೆಗೆದ ಹಳೆಯ ಬೇರಿಂಗುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟು ತೋರಿಸುವ ಮಾಲೀಕ ಸಿಕ್ಕಿದರೆ, ಚೌಕಾಸಿ ಮಾಡದೆ ಕೊಂಡುಬಿಡಿ.